ಎಕ್ಸೆಲ್ ಫೈಲ್ 74 ಎಂಬಿ ಆಗಿದೆ, ಬಣ್ಣ ಹಚ್ಚಲೂ ಬಿಡುತ್ತಿಲ್ಲ: ಫಾರ್ಮ್ಯಾಟ್ ಎಲ್ಲ ಅಳಿಸಿಬಿಡಲೇ?

ಪ್ರಶ್ನೆ: ನಾನು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಸದಸ್ಯರ ಪಟ್ಟಿ 2010-11ರಿಂದಲೂ ಒಂದೇ ಎಕ್ಸೆಲ್ ಫೈಲಿನಲ್ಲಿದೆ. ಪ್ರತಿ ವರ್ಷ ಹಿಂದಿನ ವರ್ಷದ ಶೀಟನ್ನು ಕಾಪಿ ಮಾಡಿ ಮುಂದುವರಿಸುತ್ತೇವೆ. ಈಗ 15 ಶೀಟ್ ಇವೆ. ಸದಸ್ಯರು 6,400 ಜನ, ಕಾಲಂ 26. ಫೈಲು ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯದು, 74 ಎಂಬಿ ಆಗಿದೆ. ಸೇವ್ ಮಾಡಿದರೆ ಹೊತ್ತು ಹಿಡಿಯುತ್ತದೆ. ಈಚೆಗೆ ಯಾವ ಸೆಲ್‌ಗೆ ಬಣ್ಣ ಹಚ್ಚಿದರೂ, ಬೋಲ್ಡ್ ಮಾಡಿದರೂ 'ಟೂ ಮೆನಿ ಡಿಫರೆಂಟ್ ಸೆಲ್ ಫಾರ್ಮ್ಯಾಟ್ಸ್' ಅನ್ನುತ್ತದೆ. ಕಂಟ್ರೋಲ್ ಮತ್ತು ಎಂಡ್ ಒತ್ತಿದರೆ ಕರ್ಸರ್ 65,536ನೇ ಸಾಲಿಗೆ ಹೋಗಿ ನಿಲ್ಲುತ್ತದೆ. ಜೊತೆಗೆ, ಬ್ಯಾಂಕಿಗೆ ಕಳಿಸಿದ ಪಟ್ಟಿಯಲ್ಲಿ ಕೆಲವು ಖಾತೆ ಸಂಖ್ಯೆಗಳ ಕೊನೆಯ ಅಂಕಿ ಸೊನ್ನೆಯಾಗಿದೆ ಎಂದು ವಾಪಸ್ ಬಂದಿದೆ. ಸರ್ವೆ ನಂಬರ್ ಕಾಲಂನಲ್ಲಿ ಅಲ್ಲಲ್ಲಿ ತಾರೀಖು ಕೂತಿದೆ. ಹೆಸರುಗಳು ಬಹುಪಾಲು ನುಡಿ ಫಾಂಟ್‌ನಲ್ಲಿವೆ. ಕಂಪ್ಯೂಟರ್ ಅಂಗಡಿಯವರು ರ‍್ಯಾಮ್ ಹಾಕಿಸಿ ಅಂದರು. ಪರಿಚಯದವರೊಬ್ಬರು ಎಲ್ಲ ಶೀಟ್ ಸೆಲೆಕ್ಟ್ ಮಾಡಿ 'ಕ್ಲಿಯರ್ ಫಾರ್ಮ್ಯಾಟ್ಸ್' ಒತ್ತಿದರೆ ಸರಿಹೋಗುತ್ತದೆ ಅಂದರು. ಇನ್ನೊಬ್ಬರು ಗೂಗಲ್ ಶೀಟ್ಸ್‌ಗೆ ಹಾಕಿ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಮೊದಲು ಒಂದು ಮಾತು. 'ಕ್ಲಿಯರ್ ಫಾರ್ಮ್ಯಾಟ್ಸ್' ಸದ್ಯಕ್ಕೆ ಒತ್ತಬೇಡಿ. ನಿಮ್ಮ ಫೈಲಿನಲ್ಲಿ ಆ ಒಂದು ಒತ್ತಿನಿಂದ ಮತ್ತೆ ಸಿಗದಂತೆ ಹೋಗುವ ಮಾಹಿತಿ ಇದೆ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಈಗಲೇ ಫೈಲಿನ ಒಂದು ಪ್ರತಿಯನ್ನು ಬೇರೆ ಡ್ರೈವ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಇಟ್ಟು, ಅದನ್ನು ಮುಟ್ಟದೆ ಬಿಡಿ. ಇಲ್ಲಿ ಹೇಳುವ ಕೆಲಸವೆಲ್ಲ ಇನ್ನೊಂದು ಪ್ರತಿಯ ಮೇಲೆ ನಡೆಯಲಿ.

ನಿಮ್ಮ ಪತ್ರದಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳಿವೆ: ಫೈಲಿನ ತೂಕ, ಫಾರ್ಮ್ಯಾಟ್ ಮಿತಿಯ ಸಂದೇಶ, ಖಾತೆ ಸಂಖ್ಯೆ, ಸರ್ವೆ ನಂಬರ್. ಎಲ್ಲಕ್ಕೂ ಕಾರಣ ಒಂದೇ ಎಂದುಕೊಂಡು ಒಂದೇ ಮದ್ದು ಹುಡುಕುವುದರಿಂದ ಕೆಲಸ ಕೆಡುತ್ತದೆ. ಎಕ್ಸೆಲ್‌ನ ಪ್ರತಿ ಸೆಲ್‌ನಲ್ಲೂ ಎರಡು ಸಂಗತಿಗಳಿರುತ್ತವೆ: ಒಳಗೆ ಉಳಿದಿರುವ ಮೌಲ್ಯ, ಮತ್ತು ಅದನ್ನು ಹೇಗೆ ತೋರಿಸಬೇಕೆಂಬ ಫಾರ್ಮ್ಯಾಟ್. 01-04-2025 ಎಂದು ಕಾಣುವ ಸೆಲ್‌ನ ಒಳಗಿರುವುದು 45748 ಎಂಬ ಸಂಖ್ಯೆ. 1900ರ ಜನವರಿ 1ನ್ನು 1 ಎಂದು ಹಿಡಿದು ಎಣಿಸುತ್ತ ಬಂದ ದಿನದ ಲೆಕ್ಕ ಅದು. ಮೌಲ್ಯಕ್ಕೂ ಮಿತಿಗಳಿವೆ, ಫಾರ್ಮ್ಯಾಟ್‌ಗೂ ಇವೆ, ಶೀಟ್‌ನ ಉದ್ದಗಲಕ್ಕೂ ಇವೆ. ಯಾವ ಮಿತಿ ತಾಗಿದೆ ಎಂದು ಗೊತ್ತಾದರೆ ಯಾವುದನ್ನು ಸರಿಪಡಿಸಬಹುದು, ಯಾವುದನ್ನು ಮೂಲ ದಾಖಲೆ ನೋಡಿ ಮತ್ತೆ ಬರೆಯಬೇಕು ಎಂಬುದೂ ಗೊತ್ತಾಗುತ್ತದೆ.

ತೂಕ ಎಲ್ಲಿಂದ ಬಂತು

ನೀವು ಹೇಳಿದ 65,536 ಎಂಬ ಅಂಕಿಯೇ ಅರ್ಧ ಉತ್ತರ. ಎಕ್ಸ್‌ಎಲ್‌ಎಸ್ ಫೈಲಿನ ಶೀಟ್‌ಗೆ ಇರುವುದೇ 65,536 ಸಾಲು, 256 ಕಾಲಂ. ನಿಮ್ಮ ಕರ್ಸರ್ ಕಟ್ಟಕಡೆಯ ಸಾಲಿಗೆ ಹೋಗುತ್ತದೆ ಎಂದರೆ, ಯಾರೋ ಎಂದೋ ತಲೆಬರಹದ ಕೆಳಗಿನ ಸಾಲಿನಲ್ಲಿ ನಿಂತು, ಕಂಟ್ರೋಲ್-ಶಿಫ್ಟ್-ಕೆಳಬಾಣ ಒತ್ತಿ ಕೊನೆಯವರೆಗೂ ಗೆರೆ ಹೊಡೆದಿದ್ದಾರೆ ಎಂದರ್ಥ. 65,536 ಸಾಲು, 26 ಕಾಲಂ: 17,03,936 ಸೆಲ್. ನಿಮ್ಮ ನಿಜವಾದ ಮಾಹಿತಿ ಇರುವುದು 1,66,400 ಸೆಲ್‌ಗಳಲ್ಲಿ ಮಾತ್ರ. ಉಳಿದದ್ದು ಬರೀ ಖಾಲಿ ಚೌಕಗಳು. ಆದರೆ ಪ್ರತಿ ಖಾಲಿ ಸೆಲ್‌ನ ಗೆರೆಯ ವಿವರವನ್ನೂ ಎಕ್ಸೆಲ್ ಫೈಲಿನಲ್ಲಿ ಬರೆದಿಡುತ್ತದೆ. ಶೀಟ್ ಕಾಪಿ ಮಾಡಿದಾಗಲೆಲ್ಲ ಈ ಖಾಲಿ ಹೊರೆಯೂ ಕಾಪಿಯಾಗಿ, 15 ಶೀಟ್‌ಗೆ ಎರಡೂವರೆ ಕೋಟಿ ಸೆಲ್ ಆಗಿದೆ.

ಇಡೀ ಕಾಲಂಗೆ ಬಣ್ಣ ಹಚ್ಚಿದರೆ ಫೈಲು ಊದುತ್ತದೆ ಎಂಬ ನಂಬಿಕೆ ಆಫೀಸುಗಳಲ್ಲಿ ಬಲವಾಗಿದೆ. ಅದು ಸರಿಯಲ್ಲ. ಮೇಲಿನ ಕಾಲಂ ಅಕ್ಷರವನ್ನು ಕ್ಲಿಕ್ ಮಾಡಿ ಪೂರ್ತಿ ಕಾಲಂಗೆ ಬಣ್ಣ ಕೊಟ್ಟರೆ, 'ಈ ಕಾಲಂಗೆ ಈ ಬಣ್ಣ' ಎಂಬ ಒಂದೇ ಸೂಚನೆ ಉಳಿಯುತ್ತದೆ, ತೂಕ ಹೆಚ್ಚುವುದಿಲ್ಲ. ಎರಡನೇ ಸಾಲಿನಿಂದ ಶುರುಮಾಡಿ ಕೊನೆಯವರೆಗೆ ಎಳೆದಾಗ ಅದು ಪೂರ್ತಿ ಕಾಲಂ ಆಗುವುದಿಲ್ಲ, ಬಿಡಿ ಸೆಲ್‌ಗಳ ಗುಂಪಾಗುತ್ತದೆ. ಊದುವುದು ಆಗ.

ರ‍್ಯಾಮ್ ವಿಚಾರ. 'ಫೈಲ್', 'ಅಕೌಂಟ್', 'ಅಬೌಟ್ ಎಕ್ಸೆಲ್' ಎಂದು ಹೋಗಿ, 32-ಬಿಟ್ ಎಂದಿದೆಯೇ 64-ಬಿಟ್ ಎಂದಿದೆಯೇ ನೋಡಿ. 32-ಬಿಟ್ ಎಕ್ಸೆಲ್ ಬಳಸಬಹುದಾದ ಮೆಮೊರಿಗೆ ಅದರದೇ ಗಡಿ ಇದೆ. ಕಂಪ್ಯೂಟರ್‌ಗೆ 16 ಜಿಬಿ ಹಾಕಿಸಿದರೂ ಅದಕ್ಕೆ ಅಷ್ಟೂ ದಕ್ಕುವುದಿಲ್ಲ. ಹೇಗಿದ್ದರೂ 6,400 ಸಾಲಿನ ಪಟ್ಟಿಗೆ ಹೊಸ ರ‍್ಯಾಮ್ ಬೇಕಿಲ್ಲ. ಫಾರ್ಮ್ಯಾಟ್ ಸಂದೇಶಕ್ಕಂತೂ ರ‍್ಯಾಮ್‌ಗೂ ಸಂಬಂಧವೇ ಇಲ್ಲ.

'ಟೂ ಮೆನಿ ಡಿಫರೆಂಟ್ ಸೆಲ್ ಫಾರ್ಮ್ಯಾಟ್ಸ್' ಅಂದರೆ ಏನು

ಎಕ್ಸೆಲ್ ಬಣ್ಣ ಹಚ್ಚಿದ ಸೆಲ್‌ಗಳನ್ನು ಎಣಿಸುವುದಿಲ್ಲ, ಬೇರೆ ಬೇರೆ ಜೋಡಣೆಗಳನ್ನು ಎಣಿಸುತ್ತದೆ. ಫಾಂಟ್, ಅದರ ಗಾತ್ರ, ಬೋಲ್ಡ್, ಅಕ್ಷರದ ಬಣ್ಣ, ಹಿನ್ನೆಲೆ ಬಣ್ಣ, ನಾಲ್ಕು ಬದಿಯ ಗೆರೆ, ಎಡ-ನಡು-ಬಲ, ಸಂಖ್ಯೆಯ ರೂಪ, ಲಾಕ್ ಇದೆಯೋ ಇಲ್ಲವೋ, ಇವೆಲ್ಲ ಸೇರಿ ಒಂದು ಜೋಡಣೆ. ಒಂದೇ ಜೋಡಣೆಯನ್ನು ಹತ್ತು ಲಕ್ಷ ಸೆಲ್‌ಗೆ ಕೊಟ್ಟರೂ ಲೆಕ್ಕ ಒಂದೇ. ಒಂದು ಸೆಲ್‌ನ ಕೆಳಗೆರೆ ಮಾತ್ರ ದಪ್ಪವಾದರೆ ಲೆಕ್ಕ ಎರಡು.

ಇದು ಬೆಳೆಯುವ ಪರಿ ನೋಡಿ. ಒಂದು ಕೋಷ್ಟಕಕ್ಕೆ ಹೊರಗೆ ದಪ್ಪ ಗೆರೆ, ಒಳಗೆ ತೆಳು ಗೆರೆ ಹಾಕಿದಿರಿ ಎನ್ನಿ. ನಾಲ್ಕು ಮೂಲೆಯ ಸೆಲ್‌ಗಳಿಗೆ ನಾಲ್ಕು ಬಗೆ, ನಾಲ್ಕು ಅಂಚುಗಳಿಗೆ ನಾಲ್ಕು ಬಗೆ, ಒಳಗಿನವಕ್ಕೆ ಒಂದು, ಒಟ್ಟು 9. ಅದರಲ್ಲಿ ಎರಡು ಹಿನ್ನೆಲೆ ಬಣ್ಣ, ಮೂರು ಫಾಂಟ್, ನಾಲ್ಕು ಸಂಖ್ಯಾ ರೂಪ ಬೆರೆತರೆ 9 × 2 × 3 × 4 = 216ರವರೆಗೂ ಹೋಗಬಹುದು. ಅದೇ ವಿನ್ಯಾಸ ಮುಂದಿನ ಶೀಟ್‌ನಲ್ಲಿ ಹಾಗೆಯೇ ಬಂದರೆ ಹೊಸ ಲೆಕ್ಕವಿಲ್ಲ. ಆದರೆ ಪ್ರತಿ ವರ್ಷ ಯಾರಾದರೂ ಬಣ್ಣ ಬದಲಿಸಿ, ಬೇರೆ ಫೈಲಿನಿಂದ ಒಂದಿಷ್ಟು ಅಂಟಿಸಿ, ಫಾಂಟ್ ಗಾತ್ರ 11 ಇದ್ದದ್ದನ್ನು 12 ಮಾಡಿದರೆ ಎಲ್ಲವೂ ಗುಣಿಸುತ್ತ ಹೋಗುತ್ತವೆ. ಎಕ್ಸ್‌ಎಲ್‌ಎಸ್ ಮಾದರಿಗೆ ಈ ಮಿತಿ ಸುಮಾರು 4,000. 2007ರಿಂದ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ಮಾದರಿಗೆ ಈಗ 65,490. ನಿಮ್ಮ ಎಕ್ಸೆಲ್ ಹೊಸದಿರಬಹುದು, ಫೈಲು ಹಳೆಯದು. ಮೇಲಿನ ಪಟ್ಟಿಯಲ್ಲಿ ಫೈಲಿನ ಹೆಸರಿನ ಪಕ್ಕ 'ಕಂಪ್ಯಾಟಿಬಿಲಿಟಿ ಮೋಡ್' ಎಂದಿರುತ್ತದೆ. ಹಳೆಯ ಮಿತಿಗಳು ಜಾರಿಯಲ್ಲಿವೆ ಎಂಬುದಕ್ಕೆ ಅದೇ ಗುರುತು.

ಹಳೆಯ ಮಾದರಿಯಿಂದ ಆಗುವ ಹಾನಿ ಸಣ್ಣದಲ್ಲ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ಅಧಿಕೃತ ಲೆಕ್ಕದಿಂದ ಬಿಟ್ಟುಹೋದವು. ಪ್ರಯೋಗಾಲಯಗಳು ಕಳಿಸಿದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಪಠ್ಯದ ಫೈಲ್) ಮಾಹಿತಿಯನ್ನು ಅಲ್ಲಿನ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಎಕ್ಸ್‌ಎಲ್‌ಎಸ್ ಫೈಲಿಗೆ ತುಂಬುತ್ತಿತ್ತು. 65,536 ಸಾಲು ತುಂಬಿದ ಮೇಲೆ ಬಂದದ್ದು ಒಳಗೆ ಸೇರಲೇ ಇಲ್ಲ. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ಅಷ್ಟರಮಟ್ಟಿಗೆ ತಡವಾಯಿತು.

ಕ್ಲಿಯರ್ ಫಾರ್ಮ್ಯಾಟ್ಸ್ ಏಕೆ ಬೇಡ

ನುಡಿಯ ಹಳೆಯ ಫಾಂಟ್‌ಗಳಲ್ಲಿ ಬರೆದ ಹೆಸರು ಸೆಲ್‌ನ ಒಳಗೆ ಕನ್ನಡವಾಗಿ ಇರುವುದೇ ಇಲ್ಲ. ಒಳಗಿರುವುದು ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಸಂಕೇತಗಳು. ನುಡಿ ಫಾಂಟ್ ಅವನ್ನು ಕನ್ನಡದ ಆಕಾರದಲ್ಲಿ ತೋರಿಸುತ್ತದೆ. ಫಾರ್ಮ್ಯಾಟ್ ಅಳಿಸಿದರೆ ಫಾಂಟ್ ಹೋಗುತ್ತದೆ, ಹೆಸರೆಲ್ಲ ಓದಲಾಗದ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಇಡೀ ಕಾಲಂ ನುಡಿಯಲ್ಲೇ ಇದ್ದಿದ್ದರೆ ಮತ್ತೆ ಫಾಂಟ್ ಕೊಟ್ಟು ಸರಿಮಾಡಬಹುದಿತ್ತು. 'ಬಹುಪಾಲು' ನುಡಿಯಲ್ಲಿವೆ ಎಂದು ನೀವೇ ಬರೆದಿದ್ದೀರಿ. ಉಳಿದವು ಇಂಗ್ಲಿಷ್‌ನಲ್ಲೋ ಯೂನಿಕೋಡ್‌ನಲ್ಲೋ (ಕನ್ನಡ ಅಕ್ಷರಗಳನ್ನು ಕನ್ನಡವಾಗಿಯೇ ಉಳಿಸುವ ಸಂಕೇತ ವ್ಯವಸ್ಥೆ) ಇದ್ದರೆ, ಯಾವ ಸೆಲ್ ಯಾವ ಬಗೆಯದು ಎಂದು ತಿಳಿಸುತ್ತಿದ್ದದ್ದು ಫಾಂಟ್ ಒಂದೇ. ಅದು ಹೋದ ಮೇಲೆ 6,400 ಹೆಸರನ್ನು ಕಣ್ಣಲ್ಲಿ ನೋಡಿ ಬೇರ್ಪಡಿಸಬೇಕಾಗುತ್ತದೆ.

ತಾರೀಖುಗಳು 45748ರಂಥ ಸಂಖ್ಯೆಗಳಾಗುತ್ತವೆ. ಅದು ದೊಡ್ಡ ಮಾತಲ್ಲ, ಡೇಟ್ ಫಾರ್ಮ್ಯಾಟ್ ಕೊಟ್ಟರೆ ಮರಳುತ್ತವೆ. ಸರ್ವೆ ನಂಬರಿನದು ಹಾಗಲ್ಲ.

12/3 ಎಂದು ಟೈಪ್ ಮಾಡಿದರೆ ಭಾರತದ ಸೆಟ್ಟಿಂಗ್ ಇರುವ ಎಕ್ಸೆಲ್ ಅದನ್ನು ಆ ವರ್ಷದ ಮಾರ್ಚ್ 12 ಎಂದು ಓದಿ, '12-ಮಾರ್' ಎಂದು ತೋರಿಸುತ್ತದೆ. 2/45 ಎಂದು ಬರೆದರೆ 45ನೇ ತಿಂಗಳಿಲ್ಲವಾದ್ದರಿಂದ ತಿಂಗಳು-ವರ್ಷ ಎಂದುಕೊಂಡು 1945ರ ಫೆಬ್ರವರಿ 1 ಮಾಡಿ, 'ಫೆಬ್-45' ಎಂದು ತೋರಿಸುತ್ತದೆ. 45/2 ಎರಡಕ್ಕೂ ಹೊಂದದೆ ಪಠ್ಯವಾಗಿಯೇ ಉಳಿಯುತ್ತದೆ. ಹಾಗಾಗಿ ಒಂದೇ ಕಾಲಂನಲ್ಲಿ ಕೆಲವು ಸರಿ, ಕೆಲವು ತಪ್ಪು. ಈಗ 2025ರಲ್ಲಿ ಒಬ್ಬರು 1/1 ಎಂದೂ ಇನ್ನೊಬ್ಬರು 1/25 ಎಂದೂ ಬರೆದಿದ್ದಾರೆ ಎಂದುಕೊಳ್ಳಿ. ಎರಡೂ ಸೆಲ್‌ಗಳ ಒಳಗಿನ ಮೌಲ್ಯ ಒಂದೇ: 45658, ಅಂದರೆ 2025ರ ಜನವರಿ 1. ವ್ಯತ್ಯಾಸ ಉಳಿದಿರುವುದು ಫಾರ್ಮ್ಯಾಟ್‌ನಲ್ಲಿ ಮಾತ್ರ. ಮೊದಲನೆಯದು ದಿನ-ತಿಂಗಳು, ಎರಡನೆಯದು ತಿಂಗಳು-ವರ್ಷ. ಫಾರ್ಮ್ಯಾಟ್ ಅಳಿಸಿದರೆ ಯಾರ ಜಮೀನು 1/1, ಯಾರದು 1/25 ಎಂದು ಆ ಫೈಲಿನಿಂದ ಹೇಳಲು ಸಾಧ್ಯವೇ ಇಲ್ಲ. ಪಹಣಿ ತೆಗೆಸಿ ನೋಡಬೇಕು.

ಮಾಡಬೇಕಾದದ್ದು, ಈ ಕ್ರಮದಲ್ಲೇ

ಪ್ರತಿಯನ್ನು ತೆರೆದು 'ಸೇವ್ ಆ್ಯಸ್' ಮೂಲಕ ಎಕ್ಸ್‌ಎಲ್‌ಎಸ್‌ಎಕ್ಸ್ ಮಾದರಿಗೆ ಉಳಿಸಿ. ಫೈಲನ್ನು ಮುಚ್ಚಿ ಮತ್ತೆ ತೆರೆಯಿರಿ. ಹೊಸ ಮಿತಿಗಳು ಜಾರಿಗೆ ಬರುವುದು ಮತ್ತೆ ತೆರೆದ ಮೇಲೆಯೇ. ಈಗ 10,48,576 ಸಾಲು, 16,384 ಕಾಲಂ ಸಿಗುತ್ತವೆ, ಫಾರ್ಮ್ಯಾಟ್ ಸಂದೇಶವೂ ನಿಲ್ಲಬೇಕು. ಮ್ಯಾಕ್ರೋ (ಎಕ್ಸೆಲ್ ತಾನಾಗಿ ಮಾಡುವ ಕೆಲಸಗಳ ಸೂಚನೆ) ಇದ್ದರೆ ಮಾತ್ರ ಎಕ್ಸ್‌ಎಲ್‌ಎಸ್‌ಎಂ ಆರಿಸಿ. ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ ಮ್ಯಾಕ್ರೋ ಉಳಿಯುವುದಿಲ್ಲ. ಮಾದರಿ ಬದಲಿಸಿದರೆ ಮಿತಿ ದೊಡ್ಡದಾಗುತ್ತದೆ, ಒಳಗಿನ ಕಸ ಹಾಗೆಯೇ ಬರುತ್ತದೆ ಎಂಬುದು ನೆನಪಿರಲಿ.

ಕಸ ಎಲ್ಲಿದೆ ಎಂದು ನೋಡಲು ನೇರ ದಾರಿ ಇದೆ. ಎಕ್ಸ್‌ಎಲ್‌ಎಸ್‌ಎಕ್ಸ್ ಎಂದರೆ ನಿಜಕ್ಕೂ ಒಂದು ಜಿಪ್ ಫೈಲ್. ಇನ್ನೊಂದು ಪ್ರತಿ ಮಾಡಿ, ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ತೆರೆಯಿರಿ. ವಿಂಡೋಸ್‌ನಲ್ಲಿ ಹೆಸರಿನ ಕೊನೆ ಕಾಣದಿದ್ದರೆ ಫೋಲ್ಡರ್‌ನ 'ವ್ಯೂ' ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿ. ಒಳಗೆ 'ಎಕ್ಸ್‌ಎಲ್' ಎಂಬ ಫೋಲ್ಡರ್ ಇರುತ್ತದೆ. ಅದರ 'ವರ್ಕ್‌ಶೀಟ್ಸ್' ಫೋಲ್ಡರ್‌ನಲ್ಲಿ ಶೀಟ್‌ಗೊಂದರಂತೆ ಫೈಲುಗಳು. ಅವುಗಳ ಗಾತ್ರ ದೊಡ್ಡದಿದ್ದರೆ ಖಾಲಿ ಸೆಲ್‌ಗಳ ಹೊರೆ. 'ಸ್ಟೈಲ್ಸ್' ಎಂಬ ಫೈಲು ಹಲವು ಎಂಬಿ ಇದ್ದರೆ ಫಾರ್ಮ್ಯಾಟ್ ಜೋಡಣೆಗಳ ಹೊರೆ. 'ಮೀಡಿಯಾ' ಫೋಲ್ಡರ್ ದೊಡ್ಡದಿದ್ದರೆ ಯಾರೋ ಲೋಗೋನೋ ಸ್ಕ್ಯಾನ್ ಮಾಡಿದ ಸಹಿಯನ್ನೋ ಪೂರ್ತಿ ಗಾತ್ರದಲ್ಲಿ ಅಂಟಿಸಿದ್ದಾರೆ. ಬರೀ ನೋಡಿ ಮುಚ್ಚಿ. ಜಿಪ್ ಒಳಗಿನ ಫೈಲುಗಳನ್ನು ಕೈಯಿಂದ ತಿದ್ದಲು ಹೋದರೆ ಫೈಲು ತೆರೆಯದೇ ಹೋಗಬಹುದು.

ನಂತರ ಖಾಲಿ ಸಾಲುಗಳು. ಪ್ರತಿ ಶೀಟ್‌ನಲ್ಲೂ ಮೊದಲು ಫಿಲ್ಟರ್ ತೆಗೆದು, ಅಡಗಿಸಿದ ಸಾಲುಗಳನ್ನು ಹೊರತೆಗೆಯಿರಿ. ಕೊನೆಯ ಸದಸ್ಯರ ಮುಂದಿನ ಸಾಲಿನ ಸಂಖ್ಯೆಯನ್ನು ಎಡಗಡೆ ಕ್ಲಿಕ್ ಮಾಡಿ, ಕಂಟ್ರೋಲ್-ಶಿಫ್ಟ್-ಕೆಳಬಾಣ ಒತ್ತಿ ಕೊನೆಯವರೆಗೂ ಆರಿಸಿ, ಬಲ ಕ್ಲಿಕ್ಕಿನಲ್ಲಿ ಬರುವ 'ಡಿಲೀಟ್' ಕೊಡಿ. ಕೀಬೋರ್ಡಿನ ಡಿಲೀಟ್ ಕೀ ಒತ್ತಿದರೆ ಸಾಲದು. ಅದು ಬರಹ ಅಳಿಸುತ್ತದೆ, ಗೆರೆ ಬಿಡುತ್ತದೆ. ಸೇವ್ ಮಾಡಿ, ಮತ್ತೆ ಕಂಟ್ರೋಲ್-ಎಂಡ್ ಒತ್ತಿ ನೋಡಿ. ಕರ್ಸರ್ ಕೊನೆಯ ಸದಸ್ಯರ ಸಾಲಿನಲ್ಲಿ ನಿಂತರೆ ಆ ಶೀಟ್ ಮುಗಿಯಿತು.

ಇಲ್ಲೊಂದು ಅಪಾಯವಿದೆ. ಎಲ್ಲಾದರೂ 2ನೇ ಸಾಲಿನಿಂದ 65,536ರವರೆಗೆ ಕೂಡು ಎಂಬ ಸೂತ್ರವಿದ್ದರೆ, ಸಾಲು ಅಳಿಸಿದಾಗ ಅದು ತಾನಾಗಿ 6,401ಕ್ಕೆ ಕುಗ್ಗುತ್ತದೆ. ಇಂದಿನ ಮೊತ್ತ ಸರಿ ಇರುತ್ತದೆ. ನಾಳೆ ಕೆಳಗೆ ಹೊಸ ಸದಸ್ಯರನ್ನು ಸೇರಿಸಿದರೆ ಅವರು ಮೊತ್ತಕ್ಕೆ ಬರುವುದಿಲ್ಲ. ಹೀಗಾಗಬಾರದು ಎಂದರೆ ಸಾಲು ಡಿಲೀಟ್ ಮಾಡುವ ಬದಲು, ಆ ಖಾಲಿ ಸಾಲುಗಳನ್ನು ಮಾತ್ರ ಆರಿಸಿ 'ಕ್ಲಿಯರ್ ಫಾರ್ಮ್ಯಾಟ್ಸ್' ಕೊಡಿ. ಇಡೀ ಫೈಲಿಗೆ ಬೇಡ ಎಂದ ಗುಂಡಿಯೇ ಖಾಲಿ ಸಾಲಿಗೆ ಒಳ್ಳೆಯ ಮದ್ದು, ಅಲ್ಲಿ ಕಳೆದುಕೊಳ್ಳಲು ಏನೂ ಇಲ್ಲ.

ನಿಮ್ಮಲ್ಲಿ ಮೈಕ್ರೋಸಾಫ್ಟ್ 365 ಇದ್ದರೆ 'ರಿವ್ಯೂ' ಮೆನುವಿನ 'ಚೆಕ್ ಪರ್ಫಾರ್ಮೆನ್ಸ್' ಈ ಕೆಲಸದ ಬಹುಪಾಲನ್ನು ಮಾಡುತ್ತದೆ. ಯಾವ ಶೀಟ್‌ನಲ್ಲಿ ಎಲ್ಲಿ ಹೊರೆಯಿದೆ ಎಂದು ಮೊದಲು ಪಟ್ಟಿ ತೋರಿಸುತ್ತದೆ, ಓದಿ ಒಪ್ಪಿ. ಹಳೆಯ ಆವೃತ್ತಿಗಳಲ್ಲಿ ಅದಿಲ್ಲ, ಮೇಲಿನ ಕೈಕೆಲಸವೇ ಗತಿ.

ಖಾಲಿ ಸಾಲು ತೆಗೆದ ಮೇಲೆ ಹೆಚ್ಚಿನ ತೂಕ ಇಳಿದಿರುತ್ತದೆ. ಇಷ್ಟಾದರೂ ನಿಧಾನ ಅನ್ನಿಸಿದರೆ 'ಹೋಮ್', 'ಕಂಡಿಷನಲ್ ಫಾರ್ಮ್ಯಾಟಿಂಗ್', 'ಮ್ಯಾನೇಜ್ ರೂಲ್ಸ್' ತೆರೆದು 'ದಿಸ್ ವರ್ಕ್‌ಶೀಟ್' ಆರಿಸಿ. ಬಾಕಿದಾರರಿಗೆ ಕೆಂಪು ಬಣ್ಣ ಬರಲಿ ಎಂದು ಎಂದೋ ಇಟ್ಟ ಒಂದೇ ನಿಯಮ, ಸಾಲುಗಳನ್ನು ಕತ್ತರಿಸಿ ಅಂಟಿಸಿದಾಗಲೆಲ್ಲ ಒಡೆದು ನೂರಾರು ತುಂಡಾಗಿರುವುದು ಸಾಮಾನ್ಯ. ಎಲ್ಲ ಅಳಿಸಿ ಒಂದೇ ನಿಯಮವನ್ನು ಪೂರ್ತಿ ಕಾಲಂಗೆ ಹೊಸದಾಗಿ ಕೊಡಿ.

ಹಳೆಯ ವರ್ಷಗಳ ಶೀಟ್‌ಗಳು ದಿನವೂ ಬೇಕೇ? ಬೇಡವಾದರೆ ವರ್ಷಕ್ಕೊಂದು ಫೈಲು ಮಾಡುವುದೇ ಮೇಲು. ಆದರೆ 'ಮೂವ್ ಆರ್ ಕಾಪಿ' ಬಳಸಿ ಶೀಟ್ ಸಾಗಿಸಿದರೆ ಹಳೆಯ ಸ್ಟೈಲ್‌ಗಳು ಜೊತೆಗೇ ಹೋಗುತ್ತವೆ. ಹೊಸ ಖಾಲಿ ಫೈಲಿಗೆ 'ಪೇಸ್ಟ್ ಸ್ಪೆಷಲ್' ಮೂಲಕ 'ವ್ಯಾಲ್ಯೂಸ್ ಆ್ಯಂಡ್ ನಂಬರ್ ಫಾರ್ಮ್ಯಾಟ್ಸ್' ಮಾತ್ರ ಅಂಟಿಸಿದರೆ ಕಸ ಹಿಂದೆಯೇ ಉಳಿಯುತ್ತದೆ, ತಾರೀಖಿನ ರೂಪವೂ ಕೆಡುವುದಿಲ್ಲ. ಇದರಲ್ಲಿ ಸೂತ್ರಗಳು ಉಳಿಯದೆ ಅವುಗಳ ಉತ್ತರ ಮಾತ್ರ ಬರುತ್ತದೆ. ಮುಗಿದ ವರ್ಷಗಳಿಗೆ ಅದು ಒಳ್ಳೆಯದೇ. ಫಾಂಟ್ ಕೂಡ ಬರುವುದಿಲ್ಲ. ಆದ್ದರಿಂದ ಹೆಸರುಗಳನ್ನು ಯೂನಿಕೋಡ್‌ಗೆ ಬದಲಿಸಿದ ಮೇಲೆಯೇ ಇದನ್ನು ಮಾಡಿ.

ನುಡಿಯಿಂದ ಯೂನಿಕೋಡ್‌ಗೆ

ಎಕ್ಸೆಲ್‌ನಲ್ಲಿ ಬಣ್ಣದ ಮೇಲೆ ಫಿಲ್ಟರ್ ಮಾಡಬಹುದು, ಫಾಂಟ್ ಹೆಸರಿನ ಮೇಲೆ ಆಗುವುದಿಲ್ಲ. ಅದಕ್ಕೆ ಸುತ್ತುದಾರಿ: ಕಂಟ್ರೋಲ್-ಎಫ್ ಒತ್ತಿ, 'ಆಪ್ಷನ್ಸ್', 'ಫಾರ್ಮ್ಯಾಟ್', 'ಫಾಂಟ್' ಎಂದು ಹೋಗಿ ನುಡಿ ಫಾಂಟ್‌ನ ಹೆಸರನ್ನಷ್ಟೇ ಆರಿಸಿ. ಹುಡುಕುವ ಪದದ ಜಾಗ ಖಾಲಿ ಬಿಟ್ಟು 'ಫೈಂಡ್ ಆಲ್' ಕೊಡಿ. ಕೆಳಗೆ ಬರುವ ಪಟ್ಟಿಯಲ್ಲಿ ಕಂಟ್ರೋಲ್-ಎ ಒತ್ತಿದರೆ ಅಷ್ಟೂ ಸೆಲ್ ಆಯ್ಕೆಯಾಗುತ್ತವೆ. ಅವಕ್ಕೆ ಒಂದು ಹಿನ್ನೆಲೆ ಬಣ್ಣ ಕೊಡಿ. ಒಂದಕ್ಕಿಂತ ಹೆಚ್ಚು ನುಡಿ ಫಾಂಟ್ ಬಳಸಿದ್ದರೆ ಪ್ರತಿಯೊಂದಕ್ಕೂ ಹೀಗೆ ಮಾಡಿ. ಪಕ್ಕದಲ್ಲಿ ಹೊಸ ಕಾಲಂ ಒಂದನ್ನು ಸೇರಿಸಿ 1, 2, 3 ಎಂದು ಕ್ರಮಸಂಖ್ಯೆ ಹಾಕಿ. ಇದಾದ ಮೇಲೆ ಬಣ್ಣದ ಪ್ರಕಾರ ಸಾರ್ಟ್ ಮಾಡಿ, ನುಡಿಯ ಹೆಸರುಗಳೆಲ್ಲ ಒಂದೆಡೆ ಸೇರುತ್ತವೆ.

ಆ ಭಾಗವನ್ನಷ್ಟೇ ಕಾಪಿ ಮಾಡಿ ನುಡಿ ತಂತ್ರಾಂಶದ ಜೊತೆ ಬರುವ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ, ಹೊಸ ಕಾಲಂನಲ್ಲಿ ಅಂಟಿಸಿ. ಹಳೆಯ ಕಾಲಂ ಸದ್ಯಕ್ಕೆ ಇರಲಿ. ಇಂಗ್ಲಿಷ್ ಹೆಸರನ್ನು ಪರಿವರ್ತಕಕ್ಕೆ ಕೊಟ್ಟರೆ ಅದು ಅರ್ಥವಿಲ್ಲದ ಕನ್ನಡವಾಗುತ್ತದೆ, ಅದಕ್ಕೇ ಬೇರ್ಪಡಿಸಿದ್ದು. ಸಾಲುಗಳ ಎಣಿಕೆ ಹೊಂದಿದೆಯೇ ನೋಡಿ. ಮುಖ್ಯವಾಗಿ ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿಟ್ಟು ಓದಿ: ಧರ್ಮಪ್ಪ, ದುರ್ಗಮ್ಮ, ಪಾರ್ವತಮ್ಮ. ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ಅದರ ರಕಾರ ಮೊದಲು ಬರಬೇಕು. ತಪ್ಪುವುದು ಹೆಚ್ಚಾಗಿ ಅಲ್ಲೇ. ಮುಗಿದ ಮೇಲೆ ಕ್ರಮಸಂಖ್ಯೆಯ ಪ್ರಕಾರ ಸಾರ್ಟ್ ಮಾಡಿ ಮೊದಲಿನ ಸಾಲಿಗೆ ತನ್ನಿ. ಹೆಸರುಗಳು ಅಕಾರಾದಿಯಾಗಿ ಸರಿಯಾಗಿ ಜೋಡಣೆಯಾಗುವುದೂ, ಹುಡುಕಿದರೆ ಸಿಗುವುದೂ ಇನ್ನು ಮೇಲೆಯೇ.

ಸರ್ವೆ ನಂಬರ್ ಮರಳಿ ಪಡೆಯುವುದು

ಫಾರ್ಮ್ಯಾಟ್ ಇನ್ನೂ ಅಳಿಸಿಲ್ಲವಾದ್ದರಿಂದ ನಿಮಗೆ ದಾರಿಯಿದೆ. ಎಕ್ಸೆಲ್‌ನ 'ಸೆಲ್' ಫಂಕ್ಷನ್‌ಗೆ 'ಫಾರ್ಮ್ಯಾಟ್' ಎಂಬ ಪದವನ್ನೂ ಸೆಲ್‌ನ ವಿಳಾಸವನ್ನೂ ಕೊಟ್ಟರೆ, ದಿನ-ತಿಂಗಳು ರೂಪಕ್ಕೆ 'ಡಿ2' ಎಂದೂ ತಿಂಗಳು-ವರ್ಷ ರೂಪಕ್ಕೆ 'ಡಿ3' ಎಂದೂ ಉತ್ತರ ಬರುತ್ತದೆ. ಡಿ2 ಬಂದ ಸಾಲುಗಳಿಗೆ 'ಟೆಕ್ಸ್ಟ್' ಫಂಕ್ಷನ್‌ನಲ್ಲಿ 'ಡಿ/ಎಂ' ನಮೂನೆ, ಡಿ3 ಬಂದವಕ್ಕೆ 'ಎಂ/ವೈವೈ' ನಮೂನೆ ಕೊಟ್ಟರೆ ಮೂಲ ನಂಬರ್ ಸಿಗುತ್ತದೆ. ಅಮೆರಿಕದ ಸೆಟ್ಟಿಂಗ್ ಇದ್ದ ಕಂಪ್ಯೂಟರಿನಲ್ಲಿ ಟೈಪ್ ಆಗಿದ್ದರೆ 12/3 ಡಿಸೆಂಬರ್ 3 ಆಗಿರುತ್ತದೆ. ಆಗ ತಿಂಗಳು ಮೊದಲು ಬರುವ 'ಎಂ/ಡಿ' ನಮೂನೆ ಬೇಕು. ಮೂರು ಭಾಗದ ನಂಬರುಗಳು, ಅಂದರೆ 12/3/4 ಥರದವು, ಪೂರ್ತಿ ತಾರೀಖಾಗಿರುತ್ತವೆ. ಅವನ್ನು ಕೈಯಿಂದಲೇ ತಿದ್ದಿ. ಏನೇ ಮಾಡಿದರೂ ಹತ್ತಿಪ್ಪತ್ತು ಸಾಲನ್ನು ಪಹಣಿಯೊಂದಿಗೆ ತಾಳೆ ನೋಡಿ, ಆಮೇಲೆ ಉಳಿದದ್ದನ್ನು ನಂಬಿ.

ಖಾತೆ ಸಂಖ್ಯೆಯದು ಬೇರೆ ಕಥೆ

ಇದೊಂದು ಮೌಲ್ಯದ ಮಿತಿ. ಎಕ್ಸೆಲ್ ಯಾವುದೇ ಸಂಖ್ಯೆಯ 15 ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ, ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ. 16 ಅಂಕಿಯ ಖಾತೆಯಲ್ಲಿ ಕೊನೆಯದು, 17 ಅಂಕಿಯದರಲ್ಲಿ ಕೊನೆಯ ಎರಡು ಹೋಗುತ್ತವೆ. ಟೈಪ್ ಮಾಡಿ ಎಂಟರ್ ಒತ್ತಿದ ಕ್ಷಣದಲ್ಲೇ ಇದು ಆಗಿಹೋಗುತ್ತದೆ. ಆಮೇಲೆ ಕಾಲಂ ಅನ್ನು ಟೆಕ್ಸ್ಟ್ ಎಂದು ಬದಲಿಸಿದರೂ ಹೋದ ಅಂಕಿ ಬರುವುದಿಲ್ಲ. ಪಾಸ್‌ಬುಕ್ ನೋಡಿ ಬರೆಯುವುದೊಂದೇ ಉಪಾಯ.

ಯಾವ ಸಾಲುಗಳನ್ನು ನೋಡಬೇಕು? ಆ ಕಾಲಂಗೆ ಫಿಲ್ಟರ್ ಹಾಕಿ, 'ನಂಬರ್ ಫಿಲ್ಟರ್ಸ್'ನಲ್ಲಿ 1ರ ಮುಂದೆ 15 ಸೊನ್ನೆ ಬರೆದು, ಅದಕ್ಕೆ ಸಮ ಅಥವಾ ಹೆಚ್ಚು ಎಂದು ಕೊಡಿ. ಉಳಿದು ಕಾಣುವ ಪ್ರತಿಯೊಂದು ಖಾತೆಯೂ ಸಂಶಯಾಸ್ಪದ. ಅವುಗಳಲ್ಲಿ ಕೆಲವು ನಿಜಕ್ಕೂ ಸೊನ್ನೆಯಿಂದಲೇ ಮುಗಿಯುವ ಖಾತೆಗಳಿರಬಹುದು, ಆದರೆ ನೋಡಿ ಹೇಳಲು ಬರುವುದಿಲ್ಲ. ಬ್ಯಾಂಕ್ ವಾಪಸ್ ಕಳಿಸಿದವುಗಳನ್ನಷ್ಟೇ ತಿದ್ದಿ ಸುಮ್ಮನಾಗಬೇಡಿ: ತಪ್ಪು ಸಂಖ್ಯೆ ಬೇರೊಬ್ಬರ ಖಾತೆಯಾಗಿದ್ದರೆ ಅದು ವಾಪಸ್ ಬರದೆಯೂ ಇರಬಹುದು.

ಸೊನ್ನೆಯಿಂದ ಶುರುವಾಗುವ ಖಾತೆಗಳಲ್ಲಿ ಮುಂದಿನ ಸೊನ್ನೆಗಳು ಬಿದ್ದುಹೋಗಿರುತ್ತವೆ. ಇದನ್ನು ಸರಿಪಡಿಸಬಹುದು, ಆ ಬ್ಯಾಂಕಿನ ಖಾತೆಗೆ ಎಷ್ಟು ಅಂಕಿ ಎಂದು ಗೊತ್ತಿದ್ದರೆ, 'ಟೆಕ್ಸ್ಟ್' ಫಂಕ್ಷನ್‌ಗೆ ಅಷ್ಟು ಸೊನ್ನೆಗಳ ನಮೂನೆ ಕೊಟ್ಟರೆ ಸಾಕು.

ಆಧಾರ್‌ಗೆ 12 ಅಂಕಿಯಾದ್ದರಿಂದ ಒಳಗೆ ಸುರಕ್ಷಿತವಾಗಿರುತ್ತದೆ. ಆದರೆ 'ಜನರಲ್' ಫಾರ್ಮ್ಯಾಟ್ 11 ಅಂಕಿಗಿಂತ ಉದ್ದದ ಸಂಖ್ಯೆಯನ್ನು 1.23457ಇ+11 ಎಂಬಂತೆ ಸಂಕ್ಷೇಪಿಸಿ ತೋರಿಸುತ್ತದೆ. ಕಾಲಂ ಎಷ್ಟು ಅಗಲ ಮಾಡಿದರೂ ಹಾಗೆಯೇ. ಶೀಟ್‌ನಲ್ಲಿ ಇದು ತೋರಿಕೆಯ ತೊಂದರೆ ಮಾತ್ರ. ಬ್ಯಾಂಕಿಗೆಂದು ಸಿಎಸ್‌ವಿಯಾಗಿ ಉಳಿಸಿದಾಗ ಅದು ನಿಜವಾದ ನಷ್ಟವಾಗುತ್ತದೆ, ಏಕೆಂದರೆ ಸಿಎಸ್‌ವಿಗೆ ಹೋಗುವುದು ಪರದೆಯ ಮೇಲೆ ಕಾಣುವ ರೂಪ. 12 ಅಂಕಿಗಳಲ್ಲಿ ಉಳಿಯುವುದು ಮೊದಲಿನ ಆರರ ಸುತ್ತ ಮಾತ್ರ. ಸಿಎಸ್‌ವಿ ಮಾಡುವ ಮುನ್ನ ಈ ಕಾಲಂ ಅನ್ನು 'ನಂಬರ್', ದಶಮಾಂಶ ಸೊನ್ನೆ ಎಂದು ಬದಲಿಸಿ ನೋಡಿಕೊಳ್ಳಿ.

ಬೇರೆಯವರಿಂದ ಬಂದ ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿ ತೆರೆಯುವ ಅಭ್ಯಾಸ ಬಿಡಿ. ಹೊಸ ಖಾಲಿ ಫೈಲಿನಲ್ಲಿ 'ಡೇಟಾ', 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ', ನಂತರ 'ಟ್ರಾನ್ಸ್‌ಫಾರ್ಮ್ ಡೇಟಾ' ಕೊಟ್ಟು, ಖಾತೆ, ಆಧಾರ್, ಸರ್ವೆ ನಂಬರ್, ಮೊಬೈಲ್ ಕಾಲಂಗಳನ್ನು 'ಟೆಕ್ಸ್ಟ್' ಎಂದು ಬದಲಿಸಿ. 'ರಿಪ್ಲೇಸ್ ಕರೆಂಟ್' ಎಂದು ಕೇಳಿದರೆ ಒಪ್ಪಿ, 'ಕ್ಲೋಸ್ ಆ್ಯಂಡ್ ಲೋಡ್' ಒತ್ತಿ. ಮೈಕ್ರೋಸಾಫ್ಟ್ 365ರಲ್ಲಿ 'ಫೈಲ್', 'ಆಪ್ಷನ್ಸ್', 'ಡೇಟಾ' ಒಳಗಿನ 'ಆಟೊಮ್ಯಾಟಿಕ್ ಡೇಟಾ ಕನ್ವರ್ಷನ್' ಭಾಗದಲ್ಲಿ ಮುಂದಿನ ಸೊನ್ನೆ ತೆಗೆಯುವುದನ್ನೂ 15 ಅಂಕಿಗೆ ಕತ್ತರಿಸುವುದನ್ನೂ ನಿಲ್ಲಿಸಬಹುದು.

ಖಾತೆಗಳನ್ನು ಟೆಕ್ಸ್ಟ್ ಮಾಡಿದ ಮೇಲೂ ಒಂದು ಎಡವಟ್ಟು ಉಳಿದಿರುತ್ತದೆ. ಒಂದೇ ಖಾತೆ ಎರಡು ಸಲ ಬಂದಿದೆಯೇ ಎಂದು 'ಕೌಂಟ್‌ಇಫ್'ನಿಂದ ಹುಡುಕಿದರೆ, ಅದು ಅಂಕಿಗಳಿಂದಾದ ಟೆಕ್ಸ್ಟನ್ನು ಮತ್ತೆ ಸಂಖ್ಯೆಯಾಗಿಸಿ ಹೋಲಿಸುತ್ತದೆ. ಮೊದಲ 15 ಅಂಕಿ ಒಂದೇ ಇದ್ದರೆ ಬೇರೆ ಬೇರೆ ಖಾತೆಗಳನ್ನೂ ಒಂದೇ ಎನ್ನುತ್ತದೆ. ಒಂದೇ ಶಾಖೆಯಲ್ಲಿ ಸಾಲಾಗಿ ತೆರೆದ ಖಾತೆಗಳಲ್ಲಿ ಹೀಗಾಗುವುದು ಸಹಜ. 'ಸಮ್‌ಪ್ರಾಡಕ್ಟ್' ಒಳಗೆ ಸಮಚಿಹ್ನೆಯಿಂದ ನೇರವಾಗಿ ಹೋಲಿಸಿ. ಅದು ಟೆಕ್ಸ್ಟನ್ನು ಟೆಕ್ಸ್ಟ್ ಆಗಿಯೇ ನೋಡುತ್ತದೆ.

ಗೂಗಲ್ ಶೀಟ್ಸ್‌ಗೆ ಹೋಗಬೇಕೇ

ಈಗಿರುವ ಸ್ಥಿತಿಯಲ್ಲಿ ಬೇಡ. ಅಲ್ಲಿ ಒಂದು ಫೈಲಿಗೆ 1 ಕೋಟಿ ಸೆಲ್ ಮಿತಿ, ಖಾಲಿ ಸೆಲ್‌ಗಳೂ ಲೆಕ್ಕಕ್ಕೆ ಸೇರುತ್ತವೆ. ನಿಮ್ಮದು ಎರಡೂವರೆ ಕೋಟಿ. ನಿಮ್ಮ ಕಂಪ್ಯೂಟರಿನಲ್ಲಿರುವ ನುಡಿ ಫಾಂಟ್ ಅಲ್ಲಿ ಕೆಲಸ ಮಾಡುವುದಿಲ್ಲ. 15 ಅಂಕಿಯ ಮಿತಿ ಅಲ್ಲೂ ಇದೆ. ಇಷ್ಟರ ಮೇಲೆ, ಸದಸ್ಯರ ಆಧಾರ್ ಮತ್ತು ಖಾತೆ ಸಂಖ್ಯೆಗಳನ್ನು ಯಾರದೋ ಸ್ವಂತ ಜಿಮೇಲ್ ಖಾತೆಯಲ್ಲಿ ಇಡುವುದನ್ನು ನಾನು ಒಪ್ಪಲಾರೆ. ಫೈಲು ಸ್ವಚ್ಛವಾಗಿ, ಹೆಸರು ಯೂನಿಕೋಡ್ ಆದ ಮೇಲೆ, ಆಡಳಿತ ಮಂಡಳಿ ಒಪ್ಪಿ ಸಂಘದ ಹೆಸರಿನಲ್ಲೇ ಖಾತೆ ತೆರೆದರೆ ಯೋಚಿಸಬಹುದು.

ಮುಂದಿನ ವರ್ಷದ ಶೀಟನ್ನು ಹಳೆಯದರಿಂದ ಕಾಪಿ ಮಾಡದೆ, ಒಂದು ಖಾಲಿ ನಮೂನೆ ಫೈಲಿನಿಂದ ಶುರುಮಾಡಿ. ಅದರಲ್ಲಿ ಖಾತೆ, ಆಧಾರ್, ಸರ್ವೆ, ಮೊಬೈಲ್ ಕಾಲಂಗಳನ್ನು ಟೈಪ್ ಮಾಡುವ ಮೊದಲೇ ಟೆಕ್ಸ್ಟ್ ಎಂದು ಗುರುತಿಸಿಡಿ. ಸೆಲ್ ಮೂಲೆಯಲ್ಲಿ ಹಸಿರು ತ್ರಿಕೋನ ಬರುತ್ತದೆ, ಅದನ್ನು ಕ್ಲಿಕ್ ಮಾಡಿ ಸಂಖ್ಯೆಗೆ ಬದಲಿಸಬೇಡಿ. ಗೆರೆ ಬೇಕಾದರೆ ಕಾಲಂ ಅಕ್ಷರ ಕ್ಲಿಕ್ ಮಾಡಿ ಒಂದೇ ಬಗೆಯ ತೆಳು ಗೆರೆ ಕೊಡಿ. ಶೀಟ್ ಹೆಸರಿನಲ್ಲಿ ಓರೆಗೆರೆ ಬರೆಯಲು ಬಿಡದು, 2025/26ರ ಬದಲು 2025-26 ಎಂದಿರಲಿ. ಹೆಸರಿಗೆ 31 ಅಕ್ಷರದ ಮಿತಿಯೂ ಇದೆ. ಕನ್ನಡದಲ್ಲಿ ಒತ್ತು, ಗುಣಿತ ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ: 'ಕ್ಷೀರಾಭಿವೃದ್ಧಿ' ಕಣ್ಣಿಗೆ ಐದು ಅಕ್ಷರ, ಎಕ್ಸೆಲ್‌ಗೆ 14. ಹಾಗಾಗಿ ಶೀಟ್‌ಗೆ ಚಿಕ್ಕ ಹೆಸರಿಟ್ಟು, ಸಂಘದ ಪೂರ್ತಿ ಹೆಸರನ್ನು ಮೊದಲ ಸಾಲಿನಲ್ಲಿ ಬರೆದುಕೊಳ್ಳಿ.